ಅಮೆರಿಕದ ನಗರಗಳ ವರ್ಣಭೇದದ ಇತಿಹಾಸಕಾರರಾಗಲು: ಮೊದಲು ಕಾಗದ, ಆಮೇಲೆ ಸಿದ್ಧಾಂತ

ಪ್ರಶ್ನೆ: ಇತಿಹಾಸದಲ್ಲಿ ಎಂ.ಎ. ಮುಗಿಸಿದ್ದೇನೆ. ಅಮೆರಿಕದ ನಗರಗಳಲ್ಲಿ ಕಪ್ಪು ಜನರ ಬಡಾವಣೆಗಳು ಹೇಗೆ ಹುಟ್ಟಿದವು, ಮನೆ ಕೊಳ್ಳುವಾಗ, ಬಾಡಿಗೆಗೆ ಹಿಡಿಯುವಾಗ ಅವರಿಗೆ ಏನೇನು ಅಡ್ಡಿಗಳಿದ್ದವು ಎಂಬುದರ ಮೇಲೆ ಕೆಲಸ ಮಾಡುವ ಆಸೆ. "1900ರ ನಂತರ ಅಮೆರಿಕದ ನಗರಗಳಲ್ಲಿ ಜನಾಂಗೀಯ ತಾರತಮ್ಯ" ಎಂದು ವಿಷಯ ಇಟ್ಟುಕೊಂಡಿದ್ದೇನೆ. ಭಾರತದಿಂದ ಹೋದವರಿಗೆ ಈ ಕ್ಷೇತ್ರದಲ್ಲಿ ಜಾಗವಿದೆಯೇ? ಪಿಎಚ್.ಡಿ.ಗೆ ಏನು ತಯಾರಿ ಬೇಕು? ಮುಗಿದ ಮೇಲೆ ಕೆಲಸ ಸಿಗುತ್ತದೆಯೇ?

ಉತ್ತರ: ನಿಮಗೆ ಜಾಗವಿದೆ, ನೀವು ಇಟ್ಟುಕೊಂಡಿರುವ ವಿಷಯಕ್ಕೆ ಇಲ್ಲ. ಅದು ಒಂದು ಇಡೀ ಗ್ರಂಥಾಲಯದ ವಿಷಯ. ಪ್ರವೇಶ ಸಮಿತಿಯವರು ಅಂಥ ಅರ್ಜಿಯ ಮೊದಲ ಪುಟ ಓದಿ ಪಕ್ಕಕ್ಕೆ ಇಡುತ್ತಾರೆ. ಅವರು ಹುಡುಕುವುದು ಮೂರು ಸಂಗತಿ: ಯಾವ ಊರು, ಯಾವ ವರ್ಷಗಳು, ಯಾವ ಕಾಗದಪತ್ರ. "ಬಾಲ್ಟಿಮೋರ್, 1910ರಿಂದ 1917, ನಗರಸಭೆಯ ನಡಾವಳಿ ಮತ್ತು ಎರಡು ವಾರ್ಡುಗಳ ಕ್ರಯಪತ್ರಗಳು" ಎಂದರೆ ಅದು ವಿಷಯ. ಹೊರದೇಶದವರು ಎಂಬುದು ಈ ಕ್ಷೇತ್ರದಲ್ಲಿ ದೊಡ್ಡ ತೊಡಕಲ್ಲ. ಕಾಗದ ಗೊತ್ತಿಲ್ಲದಿರುವುದೇ ತೊಡಕು, ಮತ್ತು ಅದರಲ್ಲಿ ಅಮೆರಿಕದ ವಿದ್ಯಾರ್ಥಿಗಳೂ ನಿಮ್ಮಷ್ಟೇ ಹಿಂದೆ ಇರುತ್ತಾರೆ.

ಈ ವಿದ್ಯೆಗೆ ಅಡಿಪಾಯ ಹಾಕಿದವರು ಡಬ್ಲ್ಯೂ.ಇ.ಬಿ. ಡುಬಾಯ್ಸ್. ಹಾರ್ವರ್ಡ್‌ನಲ್ಲಿ ಪಿಎಚ್.ಡಿ. ಪಡೆದ ಮೊದಲ ಕಪ್ಪು ವ್ಯಕ್ತಿ ಅವರು, 1895ರಲ್ಲಿ. ಮರುವರ್ಷ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯ ಅವರನ್ನು ಫಿಲಡೆಲ್ಫಿಯದಲ್ಲಿ ಕಪ್ಪು ಜನ ಹೆಚ್ಚಿದ್ದ ಏಳನೇ ವಾರ್ಡಿನ ಅಧ್ಯಯನಕ್ಕೆ ಕರೆಸಿತು. ಕೊಟ್ಟದ್ದು ಅಧ್ಯಾಪಕ ಹುದ್ದೆಯಲ್ಲ, "ಅಸಿಸ್ಟೆಂಟ್" ಎಂಬ ತಾತ್ಕಾಲಿಕ ಕೆಲಸ. ಡುಬಾಯ್ಸ್ ಪ್ರಶ್ನಾವಳಿ ಹಿಡಿದು ಮನೆಮನೆ ಸುತ್ತಿದರು, ಸುಮಾರು 2,500 ಕುಟುಂಬಗಳ ವಿವರ ಬರೆದುಕೊಂಡರು, ವಾರ್ಡಿನ ನಕಾಶೆಯಲ್ಲಿ ಒಂದೊಂದು ಮನೆಗೂ ಬಣ್ಣ ತುಂಬಿದರು. 1899ರಲ್ಲಿ ಪುಸ್ತಕ ಬಂತು. ಇವತ್ತಿಗೂ ಈ ಕ್ಷೇತ್ರದಲ್ಲಿ ಒಳ್ಳೆಯ ಕೆಲಸವೆಂದರೆ ಆ ಮಾದರಿಯದೇ. ಮನೆ ನಂಬರಿನಿಂದ ಶುರುವಾಗಿ ಕಾನೂನಿನವರೆಗೆ ಹೋಗುತ್ತದೆ. ಮೇಲಿನಿಂದ ಕೆಳಕ್ಕೆ ಇಳಿಯಲು ಹೋದವರು ಸಾಮಾನ್ಯವಾಗಿ ಅರ್ಧದಾರಿಯಲ್ಲೇ ನಿಲ್ಲುತ್ತಾರೆ.

ಕೆಲಸ ಹೇಗಿರುತ್ತದೆ ಎಂಬುದಕ್ಕೆ ಷಿಕಾಗೋದಲ್ಲಿ ಕಪ್ಪು ಜನ ಹೆಚ್ಚಾಗಿ ನೆಲೆಸಿದ್ದ ದಕ್ಷಿಣ ಭಾಗದ, ಅಂದರೆ ಸೌತ್ ಸೈಡ್‌ನ, ಒಂದು ಬ್ಲಾಕು (ನಾಲ್ಕು ರಸ್ತೆಗಳ ನಡುವಿನ ಮನೆಗಳ ಗುಂಪು) ತೆಗೆದುಕೊಳ್ಳಿ. ವರ್ಷ 1930 ಎಂದಿಟ್ಟುಕೊಳ್ಳೋಣ.

ಮೊದಲು ಬೇಕಾದದ್ದು ಸ್ಯಾನ್‌ಬಾರ್ನ್ ನಕಾಶೆ. ಬೆಂಕಿ ವಿಮೆ ಕಂಪನಿಗಳಿಗಾಗಿ 1867ರಿಂದ ತಯಾರಾಗುತ್ತಿದ್ದ ನಕಾಶೆಗಳಿವು. 50 ಅಡಿಗೆ ಒಂದು ಇಂಚು ಅಳತೆ. ಗುಲಾಬಿ ಬಣ್ಣವೆಂದರೆ ಇಟ್ಟಿಗೆ ಕಟ್ಟಡ, ಹಳದಿ ಎಂದರೆ ಮರದ್ದು, ನೀಲಿ ಎಂದರೆ ಕಲ್ಲಿನದು. ಒಳಗೆ "ಡಿ" ಎಂದು ಬರೆದಿದ್ದರೆ ವಾಸದ ಮನೆ, "ಎಸ್" ಅಂಗಡಿ, "ಎಫ್" ಫ್ಲ್ಯಾಟುಗಳು. ಎಷ್ಟು ಅಂತಸ್ತು ಎಂಬ ಅಂಕಿಯೂ ಮೂಲೆಯಲ್ಲಿರುತ್ತದೆ. ಹೊಸಬರು ಎಡವುವುದು ವರ್ಷದ ವಿಷಯದಲ್ಲಿ. ಕಂಪನಿಯವರು ಪ್ರತಿ ಸಲ ಹೊಸ ಸಂಪುಟ ಅಚ್ಚು ಹಾಕುತ್ತಿರಲಿಲ್ಲ. ಬದಲಾದ ಕಟ್ಟಡದ ಚೀಟಿಯನ್ನು ಹಳೆಯ ಹಾಳೆಯ ಮೇಲೇ ಅಂಟಿಸುತ್ತಿದ್ದರು. ಮುಖಪುಟದಲ್ಲಿ ಇರುವುದು ಒಂದು ವರ್ಷ, ಹಾಳೆ ತೋರಿಸುವುದು ಎಷ್ಟೋ ವರ್ಷ ಆಮೇಲಿನ ಸ್ಥಿತಿ. ತಿದ್ದುಪಡಿಯ ದಾಖಲೆ ನೋಡದೆ "ಈ ಕಟ್ಟಡ ಆಗಲೇ ಇತ್ತು" ಎಂದು ಬರೆದರೆ ಪ್ರಬಂಧದ ಬುಡವೇ ಅಲ್ಲಾಡುತ್ತದೆ.

ಎರಡನೆಯದು ಜನಗಣತಿಯ ಮೂಲ ಹಾಳೆ. ಅಮೆರಿಕದಲ್ಲಿ ವ್ಯಕ್ತಿಗಳ ಹೆಸರಿರುವ ಹಾಳೆಗಳನ್ನು 72 ವರ್ಷ ಮುಚ್ಚಿಡುತ್ತಾರೆ. 1950ರದ್ದು 2022ರ ಏಪ್ರಿಲ್ 1ರಂದು ತೆರೆಯಿತು, ಉಚಿತವಾಗಿ ಆನ್‌ಲೈನಿನಲ್ಲಿದೆ. 1890ರದ್ದನ್ನು ಹುಡುಕಬೇಡಿ, 1921ರ ಬೆಂಕಿ ಅನಾಹುತದ ನಂತರ ಉಳಿದದ್ದು ಚೂರುಪಾರು ಮಾತ್ರ. ವಿಳಾಸದಿಂದ ಹಾಳೆಗೆ ಹೋಗಲು ಎನ್ಯುಮರೇಷನ್ ಡಿಸ್ಟ್ರಿಕ್ಟ್ ನಂಬರು ಬೇಕು. ಗಣತಿದಾರ ಒಬ್ಬ ಸುತ್ತಿದ ಪ್ರದೇಶಕ್ಕೆ ಕೊಟ್ಟ ನಂಬರದು. ರಸ್ತೆಯ ಹೆಸರು ಹಾಳೆಯ ಎಡ ಅಂಚಿನಲ್ಲಿ ಲಂಬವಾಗಿ ಬರೆದಿರುತ್ತದೆ, ಅದರ ಪಕ್ಕ ಮನೆ ನಂಬರು, ಆಮೇಲೆ ಯಜಮಾನನ ಹೆಸರು, ಸ್ವಂತ ಮನೆಯೋ ಬಾಡಿಗೆಯೋ, ಬಾಡಿಗೆಯಾದರೆ ತಿಂಗಳಿಗೆ ಎಷ್ಟು ಡಾಲರು. 1930ರಲ್ಲಿ ಮನೆಯಲ್ಲಿ ರೇಡಿಯೋ ಇದೆಯೇ ಎಂದೂ ಕೇಳಿದ್ದಾರೆ.

ಈ ಬಾಡಿಗೆಯ ಕಾಲಮ್ಮು ಬಂಗಾರ. ಷಿಕಾಗೋದಲ್ಲಿ ಮನೆಮಾಲೀಕರು ದೊಡ್ಡ ಫ್ಲ್ಯಾಟುಗಳನ್ನು ಸೀಳಿ, ಒಂದೊಂದು ಕೋಣೆಗೆ ಒಂದೊಂದು ಒಲೆ ಇಟ್ಟು, ಕೋಣೆಗೊಂದು ಕಪ್ಪು ಕುಟುಂಬವನ್ನು ತುಂಬುತ್ತಿದ್ದರು. "ಕಿಚನೆಟ್" ಎನ್ನುವುದು ಇದನ್ನೇ. ಒಂದೇ ಕಟ್ಟಡದ ನಂಬರಿನಡಿ ಬರುವ ಎಲ್ಲ ಕುಟುಂಬಗಳ ಬಾಡಿಗೆ ಕೂಡಿಸಿ. ನಾಲ್ಕು ರಸ್ತೆ ಆಚೆ, ಬಿಳಿಯರೇ ಇರುವ, ಸ್ಯಾನ್‌ಬಾರ್ನ್ ಪ್ರಕಾರ ಅಷ್ಟೇ ದೊಡ್ಡದಾದ ಕಟ್ಟಡದ ಮೊತ್ತದ ಪಕ್ಕ ಇಡಿ. ಮಾಲೀಕನಿಗೆ ಬೇರ್ಪಡಿಕೆಯಿಂದ ಎಷ್ಟು ಲಾಭವಿತ್ತು ಎಂಬುದು ಡಾಲರಿನಲ್ಲೇ ಸಿಗುತ್ತದೆ. ಎಚ್ಚರಿಕೆ ಒಂದೇ: ಕೆಲವು ಕುಟುಂಬದವರು ತಮ್ಮ ಮನೆಯೊಳಗೆ ಲಾಡ್ಜರುಗಳನ್ನು, ಅಂದರೆ ಹಣ ಕೊಟ್ಟು ಉಳಿಯುವ ಹೊರಗಿನವರನ್ನು, ಇಟ್ಟುಕೊಂಡಿರುತ್ತಾರೆ. ಅವರು ಕೊಡುವ ಹಣ ಈ ಕಾಲಮ್ಮಿನಲ್ಲಿ ಬರುವುದಿಲ್ಲ. ಬಾಡಿಗೆ ಹೆಚ್ಚಾಗಿ ಕಂಡರೆ ಆ ಮನೆಯ ತಲೆ ಎಣಿಸಿ, "ಸಂಬಂಧ" ಎಂಬ ಕಾಲಮ್ಮು ಓದಿ.

ಜನಾಂಗದ ಕಾಲಮ್ಮನ್ನು ಓದುವಾಗ ಇನ್ನೂ ಹುಷಾರಾಗಿರಬೇಕು. ಅದನ್ನು ತುಂಬಿದವನು ಬಾಗಿಲಿಗೆ ಬಂದ ಗಣತಿದಾರ, ಮನೆಯವರಲ್ಲ. ಜನ ತಮ್ಮ ಜನಾಂಗವನ್ನು ತಾವೇ ಬರೆದುಕೊಳ್ಳುವ ಪದ್ಧತಿ ಬಂದದ್ದು 1960ರ ಸುಮಾರಿಗೆ. 1920ರಲ್ಲಿ ಬಿಳಿ–ಕಪ್ಪು ಮಿಶ್ರ ಸಂತತಿಯವರಿಗೆ "ಮುಲ್ಯಾಟೊ" ಎಂಬ ವರ್ಗವಿತ್ತು, 1930ಕ್ಕೆ ತೆಗೆದುಹಾಕಿದರು. ಬಿಳಿ, ಕಪ್ಪು ಎರಡೂ ರಕ್ತ ಸ್ವಲ್ಪವೇ ಬೆರೆತಿದ್ದರೂ "ನೀಗ್ರೊ" ಎಂದೇ ಬರೆಯಬೇಕು ಎಂಬ ಸೂಚನೆ ಕೊಟ್ಟರು. ಅದೇ ಮನೆ, ಅದೇ ಹೆಂಗಸು, ಅದೇ ಮಕ್ಕಳು; ಹತ್ತು ವರ್ಷದಲ್ಲಿ ಅಕ್ಷರ ಬದಲಾಗಿರುತ್ತದೆ. ಇದು ಗೊತ್ತಿಲ್ಲದೆ ಲೆಕ್ಕ ಹಾಕಿದವರಿಗೆ ಬೀದಿಯಿಂದ ಒಂದು ಜನ ಹೊರಟುಹೋಗಿ ಇನ್ನೊಂದು ಜನ ಬಂದಂತೆ ಕಾಣುತ್ತದೆ. ನಮ್ಮವರಿಗೆ ಸಂಬಂಧಪಟ್ಟ ಒಂದು ಮಾತು: 1920ರಿಂದ 1940ರವರೆಗಿನ ಗಣತಿಗಳಲ್ಲಿ "ಹಿಂದೂ" ಎಂಬುದನ್ನೂ ಜನಾಂಗವೆಂದೇ ಬರೆದಿದ್ದಾರೆ. ಸಿಖ್ಖರೂ ಮುಸ್ಲಿಮರೂ ಅದರೊಳಗೇ. ಭಗತ್ ಸಿಂಗ್ ಥಿಂದ್ ಮೊಕದ್ದಮೆಯಲ್ಲಿ ಭಾರತೀಯರು "ಬಿಳಿಯರು" ಅಲ್ಲ, ಹಾಗಾಗಿ ಪೌರತ್ವಕ್ಕೆ ಅರ್ಹರಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1923ರಲ್ಲಿ. ಬಂಗಾಳಿ ಮುಸ್ಲಿಂ ನಾವಿಕರು, ಬೀದಿ ವ್ಯಾಪಾರಿಗಳು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, ನ್ಯೂ ಆರ್ಲಿಯನ್ಸ್‌ನ ಟ್ರೆಮೆಯಲ್ಲಿ ಕಪ್ಪು ಕುಟುಂಬಗಳ ನಡುವೆ ಸಂಸಾರ ಹೂಡಿದ್ದರು. ಅಂಥವರ ಮನೆಗಳ ಹಾಳೆಯಲ್ಲಿ ಗಣತಿದಾರರ ಗೊಂದಲ ಎದ್ದು ಕಾಣುತ್ತದೆ.

ಜನಗಣತಿ ಹತ್ತು ವರ್ಷಕ್ಕೊಮ್ಮೆ. ನಡುವಿನ ವರ್ಷಗಳಿಗೆ ಸಿಟಿ ಡೈರೆಕ್ಟರಿ ಇದೆ. ಹೆಸರು, ಉದ್ಯೋಗ, ವಿಳಾಸ ಇರುವ ವರ್ಷಾವಧಿ ಪುಸ್ತಕ. ದಕ್ಷಿಣದ ಊರುಗಳ ಡೈರೆಕ್ಟರಿಗಳಲ್ಲಿ ಕಪ್ಪು ಜನರ ಹೆಸರಿನ ಮುಂದೆ "ಸಿ" ಅಕ್ಷರವನ್ನೋ ನಕ್ಷತ್ರವನ್ನೋ ಹಾಕಿರುತ್ತಾರೆ. ಒಂದು ಬೀದಿಯನ್ನು ವರ್ಷವರ್ಷ ಹಿಂಬಾಲಿಸಿದರೆ ಯಾವ ವರ್ಷ ಮೊದಲ ಮನೆ ಕೈಬದಲಾಯಿತು, ಎಷ್ಟು ವರ್ಷದಲ್ಲಿ ಉಳಿದವರು ಖಾಲಿ ಮಾಡಿದರು ಎಂಬುದು ತಿಳಿಯುತ್ತದೆ. ಉತ್ತರದ ಊರುಗಳ ಡೈರೆಕ್ಟರಿಯಲ್ಲಿ ಈ ಗುರುತು ಸಾಮಾನ್ಯವಾಗಿ ಇಲ್ಲ. ಅಲ್ಲಿ ಹೆಸರನ್ನು ಜನಗಣತಿಗೆ ಜೋಡಿಸಿ ನೋಡಬೇಕು. ಬಾಡಿಗೆ ಕೋಣೆಯಲ್ಲಿದ್ದ ಬಡವರು, ಮನೆಗೆಲಸದ ಹೆಂಗಸರು ಡೈರೆಕ್ಟರಿಯಿಂದ ಬಿಟ್ಟುಹೋಗುವುದು ಹೆಚ್ಚು.

ಇನ್ನು ಕ್ರಯಪತ್ರ. ಇದು ಕೌಂಟಿಯ ರಿಜಿಸ್ಟ್ರಾರ್ ಕಚೇರಿಯಲ್ಲಿರುತ್ತದೆ. ನಮ್ಮಲ್ಲಿ ಸೈಟು ಕೊಳ್ಳುವ ಮೊದಲು ಸಬ್‌-ರಿಜಿಸ್ಟ್ರಾರ್ ಕಚೇರಿಯಲ್ಲಿ ಇ.ಸಿ. ತೆಗೆಸುತ್ತಾರಲ್ಲ, ಹೆಚ್ಚುಕಡಿಮೆ ಅದೇ ಕೆಲಸ: ಮಾರಿದವರ ಸೂಚಿ, ಕೊಂಡವರ ಸೂಚಿ ಹಿಡಿದು ಒಂದೊಂದೇ ಕೊಂಡಿ ಹಿಂದಕ್ಕೆ ಹೋಗುವುದು. ನೀವು ಹುಡುಕುತ್ತಿರುವುದು ಜನಾಂಗೀಯ ಷರತ್ತು, ಅಂದರೆ ಈ ನಿವೇಶನವನ್ನು ಬಿಳಿಯರಲ್ಲದವರಿಗೆ ಮಾರಕೂಡದು, ಬಾಡಿಗೆಗೆ ಕೊಡಕೂಡದು ಎಂಬ ಸಾಲು. ಬಹುತೇಕ ಷರತ್ತುಗಳಲ್ಲಿ ಕೊನೆಗೊಂದು ವಿನಾಯಿತಿ ಇರುತ್ತದೆ: ಮನೆಯ ಆಳುಗಳು ವಾಸಿಸಬಹುದು. ಷರತ್ತು ಎಲ್ಲ ಕ್ರಯಪತ್ರದಲ್ಲೂ ಮರುಬರಹವಾಗುವುದಿಲ್ಲ. ಬಡಾವಣೆ ಮಾಡಿದಾಗ ಒಮ್ಮೆ ನೋಂದಣಿಯಾಗಿ, ಆಮೇಲಿನ ಪತ್ರಗಳಲ್ಲಿ "ದಾಖಲೆಯಲ್ಲಿರುವ ನಿರ್ಬಂಧಗಳಿಗೆ ಒಳಪಟ್ಟು" ಎಂಬ ಒಂದೇ ಸಾಲು ಬರುತ್ತದೆ. ಆ ಸಾಲನ್ನು ಗಮನಿಸದೆ ಓದಿದವರಿಗೆ ಷರತ್ತೇ ಇಲ್ಲವೆಂಬ ಭ್ರಮೆ ಹುಟ್ಟುತ್ತದೆ. ಮಿನೆಸೋಟ ವಿಶ್ವವಿದ್ಯಾಲಯದ "ಮ್ಯಾಪಿಂಗ್ ಪ್ರೆಜುಡಿಸ್" ಯೋಜನೆಯವರು 2016ರಿಂದ ಸ್ವಯಂಸೇವಕರನ್ನು ಸೇರಿಸಿಕೊಂಡು ಈ ಷರತ್ತುಗಳನ್ನು ಒಂದೊಂದೇ ಓದಿ ನಕಾಶೆಗೆ ಏರಿಸುತ್ತಿದ್ದಾರೆ. ಅವರ ವಿಧಾನವನ್ನು ಓದಿಕೊಳ್ಳಿ, ನಿಮ್ಮ ಊರಿಗೆ ಹೊಂದಿಸಬಹುದು.

ಷರತ್ತುಗಳ ಹಿಂದೆ ಇರುವ ಕಾನೂನಿನ ನಡೆ ಬಾಯಿಪಾಠ ಇರಬೇಕು. ಬಾಲ್ಟಿಮೋರ್ 1910ರಲ್ಲಿ ಬಿಳಿಯರ ಬ್ಲಾಕು, ಕಪ್ಪು ಜನರ ಬ್ಲಾಕು ಎಂದು ಕಾನೂನು ಮಾಡಿತು, ಬೇರೆ ಊರುಗಳು ನಕಲು ಮಾಡಿದವು. ಲೂಯಿವಿಲ್‌ನ ಅಂಥದೇ ಕಾನೂನನ್ನು 1917ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಆಗ ಕೆಲಸ ನಗರಸಭೆಯ ಕೈಯಿಂದ ರಿಯಲ್ ಎಸ್ಟೇಟಿನವರ ಕೈಗೆ, ಕಾನೂನಿನಿಂದ ಖಾಸಗಿ ಕರಾರಿಗೆ ಜಾರಿತು. ಕರಾರುಗಳ ತಂಟೆಗೆ 1926ರಲ್ಲಿ ಕೋರ್ಟು ಹೋಗಲಿಲ್ಲ. 1948ರಲ್ಲಿ, ಸೇಂಟ್ ಲೂಯಿಸ್‌ನ ಮನೆಯೊಂದರ ಮೊಕದ್ದಮೆಯಲ್ಲಿ, ಇವನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದಿತು. ಬರೆಯುವುದೇ ಅಪರಾಧ ಎಂದು ಮಾತ್ರ ಹೇಳಲಿಲ್ಲ, ಹಾಗಾಗಿ 1950ರ ದಶಕದ ಪತ್ರಗಳಲ್ಲೂ ಷರತ್ತು ಕಂಡರೆ ಬೆಚ್ಚಬೇಡಿ. ಅದಕ್ಕೆ ಕಾನೂನಿನ ಕೊನೆ 1968ರ ಫೇರ್ ಹೌಸಿಂಗ್ ಆಕ್ಟ್.

ಈಗ "ರೆಡ್‌ಲೈನಿಂಗ್" ಬಗ್ಗೆ, ಅಂದರೆ ನಕಾಶೆಯಲ್ಲಿ ಕೆಲವು ಪ್ರದೇಶಗಳಿಗೆ ಕೆಂಪು ಗುರುತು ಹಾಕಿ ಅಲ್ಲಿಯವರಿಗೆ ಮನೆ ಸಾಲ ನಿರಾಕರಿಸುವುದು. ಅರ್ಜಿ ಹಾಕುವವರಲ್ಲಿ ಬಹಳ ಮಂದಿ ಇದನ್ನೇ ಹಿಡಿದುಕೊಂಡು ಬರುತ್ತಾರೆ, ಏಕೆಂದರೆ ನಕಾಶೆಗಳು ಕಣ್ಣಿಗೆ ಹೊಡೆಯುತ್ತವೆ ಮತ್ತು ರಿಚ್ಮಂಡ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಎಚ್‌ಒಎಲ್‌ಸಿ ಎಂಬ ಸರ್ಕಾರಿ ಸಾಲ ಸಂಸ್ಥೆ 1933ರಲ್ಲಿ ಹುಟ್ಟಿತು, 1935ರಿಂದ 1940ರ ನಡುವೆ 200ಕ್ಕೂ ಹೆಚ್ಚು ನಗರಗಳ ನಕಾಶೆ ಮಾಡಿಸಿತು. ಹಸಿರು ಉತ್ತಮ, ನೀಲಿ ಪರವಾಗಿಲ್ಲ, ಹಳದಿ ಇಳಿಮುಖ, ಕೆಂಪು "ಅಪಾಯಕಾರಿ". ಪ್ರತಿ ಪ್ರದೇಶಕ್ಕೂ ಒಂದು ನಮೂನೆ ಇದೆ. ಅದರಲ್ಲಿ ನೀಗ್ರೊಗಳು ಇದ್ದಾರೆಯೇ, ಎಷ್ಟು ಶೇಕಡಾ, ಯಾರ "ನುಸುಳುವಿಕೆ" ಆಗುತ್ತಿದೆ ಎಂಬ ಪ್ರಶ್ನೆಗಳಿವೆ. ಇತಿಹಾಸಕಾರ ಕೆನೆತ್ ಜಾಕ್ಸನ್ 1980ರ ಲೇಖನದಲ್ಲಿ ಇವನ್ನು ಎತ್ತಿ ತೋರಿಸಿದ ಮೇಲೆ ಇವು ಪ್ರಸಿದ್ಧವಾದವು.

ಆದರೆ ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಆ ಸಂಸ್ಥೆ ಸುಮಾರು ಹತ್ತು ಲಕ್ಷ ಸಾಲ ಕೊಟ್ಟದ್ದು 1933ರಿಂದ 1936ರೊಳಗೆ. ನಕಾಶೆಗಳಲ್ಲಿ ಹೆಚ್ಚಿನವು ತಯಾರಾಗುವ ಹೊತ್ತಿಗೆ ಸಾಲ ಹಂಚಿ ಮುಗಿದಿತ್ತು. ಏಮಿ ಹಿಲಿಯರ್ 2003ರಲ್ಲಿ ಈ ಪ್ರಶ್ನೆ ಎತ್ತಿದರು: ನಕಾಶೆಗಳನ್ನು ಖಾಸಗಿ ಬ್ಯಾಂಕುಗಳು ನಿಜಕ್ಕೂ ನೋಡಿದ್ದವೇ? ಕೆಂಪು ಪ್ರದೇಶಗಳಲ್ಲಿ ಇದ್ದವರಲ್ಲಿ ಬಹುಪಾಲು ಬಿಳಿಯರೇ ಎಂಬುದನ್ನೂ ಆಮೇಲಿನ ಲೆಕ್ಕಗಳು ತೋರಿಸಿವೆ, ಕಪ್ಪು ಕುಟುಂಬಗಳು ಮಾತ್ರ ಹೆಚ್ಚುಕಡಿಮೆ ಎಲ್ಲವೂ ಕೆಂಪಿನೊಳಗೇ ಸಿಕ್ಕಿಬಿದ್ದಿದ್ದವು. ಹೊಸ ಮನೆಗಳ ಸಾಲಕ್ಕೆ ವಿಮೆ ಕೊಡುತ್ತಿದ್ದ, 1934ರಲ್ಲಿ ಶುರುವಾದ ಎಫ್‌ಎಚ್‌ಎ ಎಂಬ ಇನ್ನೊಂದು ಸಂಸ್ಥೆಯ ನಿಯಮಗಳು ಮಾಡಿದ ಹಾನಿ ದೊಡ್ಡದು, ಆದರೆ ಅದರ ನಕಾಶೆಗಳು ಉಳಿದದ್ದು ಬಹಳ ಕಡಿಮೆ. ಸುಲಭವಾಗಿ ಸಿಗುವ ಕಾಗದವೇ ಕಾರಣವೂ ಆಗಿಬಿಟ್ಟ ಉದಾಹರಣೆ ಇದು. ನಿಮ್ಮ ಅರ್ಜಿಯಲ್ಲಿ "ಕೆಂಪು ಗೆರೆ ಎಳೆದರು, ಅದರಿಂದ ಕೇರಿ ಹಾಳಾಯಿತು" ಎಂದು ಬರೆದರೆ ಓದುವವರು ನೀವು ಇಪ್ಪತ್ತು ವರ್ಷದ ಚರ್ಚೆಯನ್ನು ಓದಿಲ್ಲವೆಂದು ತಿಳಿಯುತ್ತಾರೆ. ನಕಾಶೆಯನ್ನು ಬಳಸಿ, ಅಂದಿನ ಮೌಲ್ಯಮಾಪಕರ ತಲೆಯಲ್ಲಿ ಏನಿತ್ತು ಎಂಬುದಕ್ಕೆ ಸಾಕ್ಷಿಯಾಗಿ. ಮೂಲ ಕಡತಗಳು ಮೇರಿಲ್ಯಾಂಡ್‌ನ ಕಾಲೇಜ್ ಪಾರ್ಕ್‌ನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ, ರೆಕಾರ್ಡ್ ಗ್ರೂಪ್ 195ರಲ್ಲಿವೆ. ಎಫ್‌ಎಚ್‌ಎಯದು ಗ್ರೂಪ್ 31.

ಸ್ವಲ್ಪ ಲೆಕ್ಕವೂ ಬರಬೇಕು. ನಗರದಲ್ಲಿ ಬೇರ್ಪಡಿಕೆ ಎಷ್ಟು ಎಂದು ಅಳೆಯಲು ಹೆಚ್ಚು ಬಳಕೆಯಲ್ಲಿರುವುದು ಡಿಸ್ಸಿಮಿಲಾರಿಟಿ ಇಂಡೆಕ್ಸ್. ಊರಿನಲ್ಲಿ 10,000 ಕಪ್ಪು ಜನ, 40,000 ಬಿಳಿಯರು ಎಂದುಕೊಳ್ಳಿ. ಒಂದು ಸೆನ್ಸಸ್ ಟ್ರ್ಯಾಕ್ಟಿನಲ್ಲಿ (ಗಣತಿಯ ಅಂಕಿಗಳಿಗಾಗಿ ಊರನ್ನು ಹಂಚಿದ ಸಣ್ಣ ಪ್ರದೇಶ) 4,000 ಕಪ್ಪು ಜನ, 2,000 ಬಿಳಿಯರು. ಅಂದರೆ ಊರಿನ ಕಪ್ಪು ಜನರ ಶೇ. 40, ಬಿಳಿಯರ ಶೇ. 5. ವ್ಯತ್ಯಾಸ 35. ಹೀಗೆ ಎಲ್ಲ ಟ್ರ್ಯಾಕ್ಟುಗಳ ವ್ಯತ್ಯಾಸವನ್ನು ಹೆಚ್ಚು ಕಡಿಮೆ ನೋಡದೆ ಕೂಡಿಸಿ, ಎರಡರಿಂದ ಭಾಗಿಸಿ. 80 ಬಂದರೆ, ಸಮನಾಗಿ ಹರಡಲು ಒಂದು ಗುಂಪಿನ ಶೇ. 80 ಜನ ಮನೆ ಬದಲಿಸಬೇಕು ಎಂದರ್ಥ. ತಪ್ಪಾಗುವುದು ಘಟಕದ ಆಯ್ಕೆಯಲ್ಲಿ. ವಾಷಿಂಗ್ಟನ್, ಚಾರ್ಲ್ಸ್‌ಟನ್‌ಗಳಲ್ಲಿ ಬಿಳಿಯರ ಮನೆಗಳು ದೊಡ್ಡ ರಸ್ತೆಗೆ ಮುಖ ಮಾಡಿದ್ದರೆ, ಕಪ್ಪು ಕುಟುಂಬಗಳು ಹಿತ್ತಿಲ ಸಂದಿಗಳಲ್ಲಿದ್ದವು. ವಾರ್ಡಿನ ಮಟ್ಟದಲ್ಲಿ ಲೆಕ್ಕ ಹಾಕಿದರೆ ಎಲ್ಲರೂ ಕಲೆತು ಬಾಳುತ್ತಿದ್ದಂತೆ ಅಂಕಿ ಹೇಳುತ್ತದೆ. ಟ್ರ್ಯಾಕ್ಟುಗಳ ಗಡಿ ಹತ್ತು ವರ್ಷಕ್ಕೊಮ್ಮೆ ಬದಲಾಗುವುದೂ ಇದೆ. ಮಿನೆಸೋಟ ವಿಶ್ವವಿದ್ಯಾಲಯದ ಎನ್‌ಎಚ್‌ಜಿಐಎಸ್ ಎಂಬ ಹಳೆಯ ಗಣತಿಗಳ ಜಾಲತಾಣದಿಂದ ಆಯಾ ವರ್ಷದ ಗಡಿಯ ಫೈಲನ್ನೇ ಇಳಿಸಿಕೊಂಡು ಕ್ಯೂಜಿಐಎಸ್ ಎಂಬ ನಕಾಶೆ ತಂತ್ರಾಂಶದಲ್ಲಿ ತೆರೆಯಿರಿ. ಎರಡೂ ಉಚಿತ.

ಇಷ್ಟು ಕಲಿಯಲು ಅಮೆರಿಕಕ್ಕೇ ಹೋಗಬೇಕೆಂದಿಲ್ಲ. ಕ್ರಯಪತ್ರ ಒಂದನ್ನು ಬಿಟ್ಟರೆ ಮೇಲೆ ಹೇಳಿದ್ದರಲ್ಲಿ ಹೆಚ್ಚಿನದು ಮನೆಯಲ್ಲಿ ಕೂತು ಸಿಗುತ್ತದೆ. ಸ್ಯಾನ್‌ಬಾರ್ನ್ ಲೈಬ್ರರಿ ಆಫ್ ಕಾಂಗ್ರೆಸ್‌ನ ತಾಣದಲ್ಲಿದೆ, ಗಣತಿ ಹಾಳೆಗಳು ಫ್ಯಾಮಿಲಿಸರ್ಚ್‌ನಲ್ಲಿ. ನ್ಯೂಯಾರ್ಕ್ ನಗರದವರು 1939ರಿಂದ 1941ರವರೆಗೆ ತೆರಿಗೆಗಾಗಿ ಊರಿನ ಪ್ರತಿ ಕಟ್ಟಡದ ಫೋಟೋ ತೆಗೆಸಿದ್ದರು, ಅವೂ ಆನ್‌ಲೈನಿನಲ್ಲಿವೆ. ಹಾರ್ಲೆಮ್‌ನ ಒಂದು ಬ್ಲಾಕಿಗೆ 1940ರ ಗಣತಿ ಮತ್ತು ಈ ಫೋಟೋ ಎರಡನ್ನೂ ಜೋಡಿಸಿ ಅಭ್ಯಾಸ ಮಾಡಬಹುದು. ದುಡ್ಡು ಕೊಡಬೇಕಾದದ್ದು ಕಪ್ಪು ಪತ್ರಿಕೆಗಳಿಗೆ: ಷಿಕಾಗೋ ಡಿಫೆಂಡರ್, ಪಿಟ್ಸ್‌ಬರ್ಗ್ ಕೊರಿಯರ್, ಬಾಲ್ಟಿಮೋರ್‌ನ ಆಫ್ರೋ-ಅಮೆರಿಕನ್. ಇವು ವಿಶ್ವವಿದ್ಯಾಲಯಗಳ ಚಂದಾದ ಒಳಗಿವೆ. ಹಳೆಯ ಪುಸ್ತಕಗಳಿಗೆ, ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಆವರಣದಲ್ಲಿ 1964ರಲ್ಲಿ ಶುರುವಾದ ಅಮೆರಿಕನ್ ಸ್ಟಡೀಸ್ ರಿಸರ್ಚ್ ಸೆಂಟರ್‌ನ ಸಂಗ್ರಹವನ್ನು ವಿಚಾರಿಸಿ. ಬಸ್ಸು ಹತ್ತುವ ಮೊದಲು ಫೋನು ಮಾಡಿ.

ಪಿಎಚ್.ಡಿ. ಅರ್ಜಿ ಹೆಚ್ಚಾಗಿ ಡಿಸೆಂಬರ್ 1ರಿಂದ 15ರೊಳಗೆ. ಎರಡು ಪುಟದ ಉದ್ದೇಶ ಪತ್ರ, ಮೂರು ಶಿಫಾರಸು, ಇಂಗ್ಲಿಷ್ ಪರೀಕ್ಷೆ, 20–30 ಪುಟದ ಬರಹದ ಮಾದರಿ. ಜಿಆರ್‌ಇಯನ್ನು ಬಹಳ ಇತಿಹಾಸ ವಿಭಾಗಗಳು ಕೈಬಿಟ್ಟಿವೆ. ಇಷ್ಟರಲ್ಲಿ ತೀರ್ಮಾನವಾಗುವುದು ಬರಹದ ಮಾದರಿಯಿಂದ. ಅದು ಅಮೆರಿಕದ ಮೇಲೇ ಇರಬೇಕೆಂಬ ನಿಯಮವಿಲ್ಲ, ಮೂಲ ದಾಖಲೆಯಿಂದ ಬರೆದದ್ದಾಗಿರಬೇಕು. ಬೇರೆಯವರ ಪುಸ್ತಕಗಳನ್ನು ಓದಿ ಬರೆದ ಅಮೆರಿಕದ ಪ್ರಬಂಧಕ್ಕಿಂತ, ಬೆಂಗಳೂರಿನ ದಂಡಿನ ಪ್ರದೇಶದ ಮೇಲೆ ಕಡತ ನೋಡಿ ಬರೆದ ಪ್ರಬಂಧ ಸಾವಿರ ಪಾಲು ಮೇಲು. 1809ರಲ್ಲಿ ಬ್ರಿಟಿಷರು ಕಟ್ಟಿದ ದಂಡು, 1947ರಲ್ಲಿ ಮೈಸೂರಿಗೆ ಮರಳುವವರೆಗೆ ಬೇರೆಯದೇ ಆಡಳಿತ, ನಡುವೆ ಕಬ್ಬನ್ ಪಾರ್ಕು, ಆ ಕಡೆ ಪೇಟೆ. 1898ರ ಪ್ಲೇಗಿನ ಹೊತ್ತಿಗೆ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಜಾತಿ ನೋಡಿ ನಿವೇಶನ ಹಂಚಿದ್ದು. ಬೆಂಗಳೂರಿನ ರಾಜ್ಯ ಪತ್ರಾಗಾರ, ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯದ ಮೈಸೂರು ರೆಸಿಡೆನ್ಸಿ ಕಡತಗಳು ಇದಕ್ಕೆ ಸಾಕು. ಕನ್ನಡ ಕಡತ ಓದಬಲ್ಲಿರಿ ಎಂಬುದು ನಿಮ್ಮ ಅರ್ಜಿಗೆ ಬಲವೇ ಹೊರತು ಕೊರತೆಯಲ್ಲ.

ಜಾತಿ–ಜನಾಂಗದ ಹೋಲಿಕೆಯನ್ನು ಅರ್ಜಿಯಲ್ಲಿ ತರಬೇಕೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಂಬೇಡ್ಕರ್ 1913ರಿಂದ 1916ರವರೆಗೆ ಓದಿದ ಕೊಲಂಬಿಯ ವಿಶ್ವವಿದ್ಯಾಲಯ ಹಾರ್ಲೆಮ್‌ನ ಮಗ್ಗುಲಲ್ಲೇ ಇದೆ. 1946ರಲ್ಲಿ ಅವರು ಡುಬಾಯ್ಸ್‌ಗೆ ಪತ್ರ ಬರೆದು, ಅಮೆರಿಕದ ಕಪ್ಪು ಜನರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಕೇಳಿದ್ದರು. ಪತ್ರ, ಉತ್ತರ ಎರಡೂ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಡುಬಾಯ್ಸ್ ಸಂಗ್ರಹದಲ್ಲಿವೆ, ಆನ್‌ಲೈನಿನಲ್ಲಿ ಓದಬಹುದು. ಇಂಥ ನಿಜವಾದ ಕೊಂಡಿ ಇದ್ದರೆ ತನ್ನಿ. ಊರ ಹೊರಗಿನ ಕೇರಿಯೂ ಷಿಕಾಗೋದ ಸೌತ್ ಸೈಡೂ ಒಂದೇ ಎಂಬ ಒಂದು ಸಾಲಿಗಾಗಿ ತರಬೇಡಿ. ಹಳ್ಳಿಯ ಕೇರಿ ಯಾವಾಗ ಬೇರೆಯಾಯಿತೆಂದು ಯಾವ ಕಾಗದವೂ ಹೇಳುವುದಿಲ್ಲ. ಷಿಕಾಗೋದ ಗೋಡೆ ಎರಡು ತಲೆಮಾರಿನಲ್ಲಿ, ಸಹಿ–ಮೊಹರಿನೊಂದಿಗೆ ಎದ್ದದ್ದು. ಯಾರ ಸಹಿ ಎಂದು ಕೇಳಬಹುದು, ನಿಮ್ಮ ಕೆಲಸವೇ ಅದು.

ಹಣದ ವಿಷಯದಲ್ಲಿ ಒಂದೇ ನಿಯಮ: ಪೂರ್ತಿ ಶುಲ್ಕ ಮನ್ನಾ ಮತ್ತು ಕನಿಷ್ಠ ಐದು ವರ್ಷದ ಸ್ಟೈಪೆಂಡ್ ಇಲ್ಲದ ಪ್ರವೇಶವನ್ನು ಒಪ್ಪಬೇಡಿ. ಸಾಲ ಮಾಡಿ ಇತಿಹಾಸದ ಪಿಎಚ್.ಡಿ. ಮಾಡುವುದು ಬೇಡವೇ ಬೇಡ, ಅಲ್ಲಿ ಸ್ವಂತ ಖರ್ಚಿನಲ್ಲಿ ಎರಡನೇ ಎಂ.ಎ. ಅಂತೂ ಇನ್ನೂ ಬೇಡ. ಇಲ್ಲೇ ಪಿಎಚ್.ಡಿ.ಗೆ ನೋಂದಾಯಿಸಿಕೊಂಡು ಫುಲ್‌ಬ್ರೈಟ್–ನೆಹರೂ ಡಾಕ್ಟೊರಲ್ ಫೆಲೋಷಿಪ್‌ನಲ್ಲಿ ಕೆಲವು ತಿಂಗಳು ಅಲ್ಲಿನ ಪತ್ರಾಗಾರಗಳಲ್ಲಿ ಕೆಲಸ ಮಾಡಿ ಬರುವುದು ಇನ್ನೊಂದು ದಾರಿ. ಭಾರತದಲ್ಲೇ ಪಾಠ ಮಾಡುವ ಮನಸ್ಸಿದ್ದರೆ, ನೆಟ್ ಪಾಸಾಗಿದ್ದರೆ, ಅದೇ ಲೇಸು.

ಸೇರಿದ ಮೇಲೆ ಎರಡು ವರ್ಷ ತರಗತಿ, ಆಮೇಲೆ ಸಮಗ್ರ ಪರೀಕ್ಷೆ. ಮೂರ್ನಾಲ್ಕು ಕ್ಷೇತ್ರ, ಒಂದೊಂದಕ್ಕೆ 60ರಿಂದ 100 ಪುಸ್ತಕ. ಅಷ್ಟನ್ನೂ ಮೊದಲ ಪುಟದಿಂದ ಕೊನೆ ಪುಟದವರೆಗೆ ಓದಲು ಕೂತವರು ಸೋಲುತ್ತಾರೆ. ಪೀಠಿಕೆ, ಒಂದು ಅಧ್ಯಾಯ, ಅಡಿಟಿಪ್ಪಣಿ ನೋಡಿ, ಲೇಖಕ ಯಾರೊಡನೆ ಜಗಳವಾಡುತ್ತಿದ್ದಾನೆ, ಯಾವ ಕಡತ ಬಳಸಿದ್ದಾನೆ ಎಂದು ಅರ್ಧ ಪುಟ ಬರೆದಿಡಬೇಕು. ನಂತರ ಸಂಶೋಧನಾ ಪ್ರಸ್ತಾವ, ಒಂದೂವರೆ–ಎರಡು ವರ್ಷ ಪತ್ರಾಗಾರ, ಮಿಕ್ಕದ್ದು ಬರವಣಿಗೆ. ಆರೇಳು ವರ್ಷ ಹಿಡಿಯುತ್ತದೆ.

ಪತ್ರಾಗಾರದಲ್ಲಿ ಅನಾಹುತವಾಗುವುದು ಓದುವಾಗಲ್ಲ, ಫೋಟೋ ತೆಗೆಯುವಾಗ. ಒಂದು ದಿನಕ್ಕೆ ಐನೂರು ಪುಟ ಕ್ಲಿಕ್ಕಿಸಿ ಬಂದು, ಆರು ತಿಂಗಳ ನಂತರ ಯಾವ ಪೆಟ್ಟಿಗೆಯದು ಎಂದು ಗೊತ್ತಾಗದೆ ಕೂರುವವರು ಬಹಳ. ಪ್ರತಿ ಫೋಲ್ಡರಿನ ಮೊದಲ ಚಿತ್ರವಾಗಿ ಚೀಟಿ ಇಡಿ: ಪತ್ರಾಗಾರ, ಸಂಗ್ರಹ, ಪೆಟ್ಟಿಗೆ, ಫೋಲ್ಡರ್. ಅದೇ ಸಂಜೆ ಟ್ರೋಪಿ ಎಂಬ, ಪತ್ರಾಗಾರದ ಫೋಟೋಗಳನ್ನು ಜೋಡಿಸಿಡುವ ತಂತ್ರಾಂಶಕ್ಕೆ ಹಾಕಿ ಹೆಸರು ಕೊಡಿ. ಬಹಳಷ್ಟು ಪೆಟ್ಟಿಗೆಗಳು ಊರ ಹೊರಗಿನ ಗೋದಾಮಿನಲ್ಲಿರುತ್ತವೆ, ಹಲವು ದಿನ ಮೊದಲೇ ಬರೆದು ತರಿಸಬೇಕು. ನಗರ ಪುನರ್‌ನಿರ್ಮಾಣದ ಹೆಸರಿನಲ್ಲಿ, 1949ರ ಹೌಸಿಂಗ್ ಆಕ್ಟ್‌ನ ನಂತರ ಕೆಡವಿದ ಬಡಾವಣೆಗಳ ಕಡತಗಳಲ್ಲಿ ಮನೆಯ ಫೋಟೋ, ಮೌಲ್ಯಮಾಪನ, ಕುಟುಂಬವನ್ನು ಎಲ್ಲಿಗೆ ಕಳಿಸಿದರು ಎಂಬ ಟಿಪ್ಪಣಿ ಒಟ್ಟಿಗೇ ಸಿಗುವುದುಂಟು. ಖಾಸಗಿ ವಿವರವಿರುವ ಕಾರಣ ಕೆಲವನ್ನು ಮುಚ್ಚಿಟ್ಟಿರುತ್ತಾರೆ. ಹೆಸರು ಬಳಸುವುದಿಲ್ಲ ಎಂಬ ಒಪ್ಪಂದಕ್ಕೆ ಸಹಿ ಹಾಕಿದರೆ ತೋರಿಸುವವರಿದ್ದಾರೆ, ಕೇಳಿ ನೋಡಿ.

ಆ ಬಡಾವಣೆಗಳಲ್ಲಿ ಬೆಳೆದವರು ಇನ್ನೂ ಇದ್ದಾರೆ, ಅವರ ಮಾತನ್ನು ಧ್ವನಿಮುದ್ರಿಸಬೇಕು. ಅಮೆರಿಕದ ಕೇಂದ್ರ ನಿಯಮಾವಳಿ 2018ರ ಪರಿಷ್ಕರಣೆಯ ನಂತರ ಮೌಖಿಕ ಇತಿಹಾಸವನ್ನು ಮಾನವ ಪ್ರಯೋಗಗಳ ಪರಿಶೀಲನೆಯಿಂದ ಹೊರಗಿಟ್ಟಿದೆ. ಆದರೂ ನಿಮ್ಮ ವಿಶ್ವವಿದ್ಯಾಲಯದ ಸಮಿತಿಯಿಂದ "ಬೇಕಿಲ್ಲ" ಎಂಬ ಪತ್ರ ಬರೆಸಿಕೊಳ್ಳಿ, ಮಾತಾಡಿದವರಿಂದ ಒಪ್ಪಿಗೆ ಪತ್ರಕ್ಕೆ ಅದೇ ದಿನ ಸಹಿ ಪಡೆಯಿರಿ. ಮರುವರ್ಷ ಹೋದರೆ ಅವರು ಇರುತ್ತಾರೆಂಬ ಖಾತ್ರಿಯಿಲ್ಲ, ಸಹಿಯಿಲ್ಲದ ಧ್ವನಿಮುದ್ರಿಕೆಯನ್ನು ಯಾವ ಪತ್ರಾಗಾರವೂ ಸ್ವೀಕರಿಸುವುದಿಲ್ಲ.

ಕೆಲಸದ ಬಗ್ಗೆ ಸಿಹಿ ಮಾತು ಹೇಳುವುದು ಮೋಸ. 2008ರ ಆರ್ಥಿಕ ಕುಸಿತದ ನಂತರ ಇತಿಹಾಸದ ಕಾಯಂ ಹುದ್ದೆಗಳು ಬಿದ್ದದ್ದು ಮೇಲೇಳಲಿಲ್ಲ. ಪಿಎಚ್.ಡಿ. ಮುಗಿಸಿದವರಲ್ಲಿ ಟೆನ್ಯೂರ್ ಹಾದಿಯ, ಅಂದರೆ ಮುಂದೆ ಕಾಯಂ ಆಗಬಹುದಾದ, ಕೆಲಸ ಸಿಗುವವರು ಅಲ್ಪಭಾಗ. ಸಿಕ್ಕರೂ ಸುಮಾರು ಆರು ವರ್ಷದಲ್ಲಿ ವಿಶ್ವವಿದ್ಯಾಲಯ ಮುದ್ರಣಾಲಯದಿಂದ ಪುಸ್ತಕ ಬರಬೇಕು, ಇಲ್ಲದಿದ್ದರೆ ಹೊರಗೆ. ಹಸ್ತಪ್ರತಿ ಕೊಟ್ಟ ಮೇಲೆ ಇಬ್ಬರು ಪರಿಣತರ ಓದು, ತಿದ್ದುಪಡಿ, ಅಚ್ಚು ಸೇರಿ ಎರಡು ವರ್ಷ ಹೋಗುತ್ತದೆ, ಹಾಗಾಗಿ ಗಡಿಯಾರ ಮೊದಲ ದಿನದಿಂದಲೇ ಓಡುತ್ತಿರುತ್ತದೆ. ಈಗಿನ ಹವಾ ಇನ್ನೂ ಕೆಟ್ಟಿದೆ. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಮಾನವಿಕ ನಿಧಿ ತಾನು ಕೊಟ್ಟಿದ್ದ ಅನುದಾನಗಳನ್ನು ನಡುವೆಯೇ ರದ್ದು ಮಾಡಿತು, ಹಲವು ವಿಶ್ವವಿದ್ಯಾಲಯಗಳು ಪಿಎಚ್.ಡಿ. ಸೀಟು ಇಳಿಸಿವೆ, ಜನಾಂಗದ ಇತಿಹಾಸ ಕಲಿಸುವುದೇ ಕೆಲವು ರಾಜ್ಯಗಳಲ್ಲಿ ರಾಜಕೀಯ ಜಗಳವಾಗಿದೆ. ವೀಸಾದಲ್ಲಿ, ಪದವಿಯ ನಂತರ ನಿಮಗೆ 12 ತಿಂಗಳ ಒಪಿಟಿ (ಅಲ್ಲೇ ಕೆಲಸ ಮಾಡುವ ಅನುಮತಿ) ಮಾತ್ರ. ವಿಜ್ಞಾನದವರಿಗೆ ಸಿಗುವ 24 ತಿಂಗಳ ವಿಸ್ತರಣೆ ಇತಿಹಾಸಕ್ಕೆ ಇಲ್ಲ. ವಿಶ್ವವಿದ್ಯಾಲಯಗಳು ಕೊಡಿಸುವ ಎಚ್‌-1ಬಿ ಕೆಲಸದ ವೀಸಾ ಲಾಟರಿಯ ಹೊರಗಿದೆ, ಆದರೆ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕದ ಆದೇಶ 2025ರ ಸೆಪ್ಟೆಂಬರ್‌ನಲ್ಲಿ ಬಂದಿದೆ. ಅದು ಯಾರಿಗೆ ಅನ್ವಯ ಎಂಬುದನ್ನು ಅರ್ಜಿ ಹಾಕುವ ವರ್ಷ ನೋಡಿಕೊಳ್ಳಬೇಕು.

ತರಗತಿಯ ಹೊರಗೆ ಈ ವಿದ್ಯೆಗೆ ಕೂಲಿ ಕೊಡುವವರಿದ್ದಾರೆ. 1966ರ ಐತಿಹಾಸಿಕ ಸಂರಕ್ಷಣೆ ಕಾಯಿದೆಯ ಪ್ರಕಾರ ಕೇಂದ್ರದ ಹಣದಲ್ಲಿ ರಸ್ತೆ, ಸೇತುವೆ ಕಟ್ಟುವ ಮೊದಲು ಅಲ್ಲಿನ ಹಳೆಯ ಕಟ್ಟಡಗಳ ಇತಿಹಾಸ ಪರಿಶೀಲಿಸಬೇಕು. ಇದಕ್ಕೆ ಸಲಹಾ ಸಂಸ್ಥೆಗಳು ಇತಿಹಾಸಕಾರರನ್ನು ಇಟ್ಟುಕೊಳ್ಳುತ್ತವೆ. ನ್ಯಾಯಾಲಯಗಳಿಗೆ ತಜ್ಞರ ವರದಿ ಬೇಕು. ಶಾಲೆಗಳ ವರ್ಣಬೇರ್ಪಡಿಕೆಯನ್ನು 1954ರಲ್ಲಿ ಮುರಿದ ಬ್ರೌನ್ ಮೊಕದ್ದಮೆಗೆ ಜಾನ್ ಹೋಪ್ ಫ್ರಾಂಕ್ಲಿನ್ ಅವರಂಥ ಇತಿಹಾಸಕಾರರು ವಕೀಲರಿಗಾಗಿ ದಾಖಲೆ ಅಗೆದುಕೊಟ್ಟಿದ್ದರು. ಷಿಕಾಗೋದ ಪಕ್ಕದ ಎವನ್‌ಸ್ಟನ್ ಊರು 2021ರಲ್ಲಿ, 1919ರಿಂದ 1969ರ ನಡುವೆ ಅಲ್ಲಿದ್ದ ಕಪ್ಪು ನಿವಾಸಿಗಳಿಗೂ ಅವರ ವಂಶಸ್ಥರಿಗೂ ವಸತಿಗಾಗಿ 25,000 ಡಾಲರ್ ಪರಿಹಾರ ಕೊಡಲು ತೀರ್ಮಾನಿಸಿತು. ಊರಿನ ಆಡಳಿತವೇ ತಾರತಮ್ಯ ಮಾಡಿತ್ತು ಎಂದು ತೋರಿಸಿದ್ದು ಸ್ಥಳೀಯ ಇತಿಹಾಸಕಾರರ ವರದಿ. ಅದರ ಹಿಂದಿದ್ದದ್ದು ನಗರಸಭೆಯ ನಡಾವಳಿ, ವಲಯ ನಕಾಶೆ, ಪತ್ರಿಕೆ. ಇಂಥ ಕೆಲಸಗಳಿಗೆ ನಿಮ್ಮಿಂದ ಬೇಕಾದದ್ದು ಕ್ರಯಪತ್ರದ ಕೊಂಡಿ ಹಿಡಿಯುವ ಕೈಚಳಕ. ಮೊದಲ ವರ್ಷದಿಂದಲೇ ಅದನ್ನು ಕಲಿಯುತ್ತಾ ಬನ್ನಿ, ಆಗ ಪ್ರೊಫೆಸರಿಕೆ ಸಿಗದಿದ್ದರೂ ಕೈ ಬರಿದಾಗುವುದಿಲ್ಲ.

ಪ್ರಾಧ್ಯಾಪಕರಿಗೆ ಬರೆಯುವುದಾದರೆ ಸೆಪ್ಟೆಂಬರ್ ಸರಿಯಾದ ಹೊತ್ತು. 150–200 ಪದ ಸಾಕು. ಊರು, ವರ್ಷ, ನೀವಾಗಲೇ ನೋಡಿರುವ ಒಂದು ದಾಖಲೆ, ಅದರಲ್ಲಿ ನಿಮಗೆ ಬಿಡಿಸಲಾಗದ ಒಂದು ಪ್ರಶ್ನೆ, ಈ ವರ್ಷ ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಿದ್ದಾರೆಯೇ ಎಂಬ ವಿಚಾರಣೆ. ನಿಮ್ಮ ಅಂಕಪಟ್ಟಿ, ಚಿಕ್ಕಂದಿನ ಆಸೆ, ಅವರ ಪುಸ್ತಕದ ಹೊಗಳಿಕೆ ಬೇಡ. ಮೂರು ವಾರ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ, ಆಮೇಲೂ ಬರದಿದ್ದರೆ ಬೇರೆಯವರಿಗೆ ಬರೆಯಿರಿ. ಅರ್ಜಿ ಶುಲ್ಕ ಒಂದಕ್ಕೆ ನೂರು ಡಾಲರಿನ ಆಸುಪಾಸು ಇರುತ್ತದೆ. ಎಂಟು ವಿಶ್ವವಿದ್ಯಾಲಯಕ್ಕಿಂತ ಹೆಚ್ಚು ಹಾಕಬೇಡಿ, ಹಾಕುವ ಮೊದಲು ಶುಲ್ಕ ಮನ್ನಾ ಇದೆಯೇ ಎಂದು ವಿಭಾಗದ ಕಚೇರಿಗೆ ಒಂದು ಸಾಲು ಬರೆದು ಕೇಳಿ.